ಆಸ್ತಮಾ ಇದೆ, ರಕ್ತದಲ್ಲಿ ಐಜಿಇ ಜಾಸ್ತಿ ಬಂದಿದೆ. ಇಮ್ಯುನಿಟಿ ಹೆಚ್ಚಿಸಿಕೊಳ್ಳಲು ಏನು ಮಾಡಬೇಕು?

ದಯವಿಟ್ಟು ಹೆಚ್ಚಿಸಿಕೊಳ್ಳಲು ಹೋಗಬೇಡಿ. ನಿಮ್ಮ ಇಮ್ಯುನಿಟಿ ಕಡಿಮೆಯಾಗಿದೆ ಅಂತ ಆ ರಿಪೋರ್ಟ್ ಹೇಳುತ್ತಿಲ್ಲ.

ನಾನೂ ಹೀಗೇ ಅಂದುಕೊಂಡಿದ್ದೆ. ಉಬ್ಬಸ ಬರುತ್ತದೆ ಅಂದರೆ ಮೈಯಲ್ಲಿ ಶಕ್ತಿ ಇಲ್ಲ, ಅಲ್ವಾ? ಡಾಕ್ಟರು ಎರಡು ಇನ್‌ಹೇಲರ್ ಬರೆದುಕೊಟ್ಟಿದ್ದರು. ದಿನಾ ತೆಗೆದುಕೊಳ್ಳಲು ಸ್ಟೆರಾಯ್ಡ್, ಉಸಿರು ಕಟ್ಟಿದಾಗ ಸಾಲ್ಬುಟಮಾಲ್. ಸ್ಟೆರಾಯ್ಡ್ ಇಮ್ಯುನಿಟಿ ತಗ್ಗಿಸುತ್ತದೆ ಎಂದು ಯಾರೋ ಹೇಳಿದರು. ಅದನ್ನು ಬಿಟ್ಟುಬಿಟ್ಟೆ.

ಆ ತಪ್ಪು ಎಂಥದ್ದು ಅಂತ ಬಿಡಿಸಿ ಹೇಳಲೇಬೇಕು. ಐಜಿಇ ಒಂದು ಪ್ರತಿಕಾಯ, ಅಂದರೆ ಹೊರಗಿನಿಂದ ಬಂದದ್ದನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನ್. 1960ರ ದಶಕದಲ್ಲಿ ಜಪಾನಿನ ಇಶಿಜಾಕಾ ದಂಪತಿ ಮತ್ತು ಸ್ವೀಡನ್ನಿನ ಇಬ್ಬರು ಸಂಶೋಧಕರು ಬೇರೆ ಬೇರೆಯಾಗಿ ಇದನ್ನು ಗುರುತಿಸಿದರು. ಪರೋಪಜೀವಿ ಹುಳುಗಳ ವಿರುದ್ಧ ಹೋರಾಡುವುದರಲ್ಲಿ ಇದಕ್ಕೆ ಪಾತ್ರವಿದೆ. ಅಲರ್ಜಿ ಇರುವವರ ದೇಹ ಇದನ್ನು ಧೂಳಿನ ನುಸಿ, ಹೂವಿನ ಪರಾಗದಂಥ ನಿರುಪದ್ರವಿ ವಸ್ತುಗಳ ಮೇಲೂ ತಯಾರಿಸುತ್ತದೆ. ಅದು ಹೋಗಿ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳ ಮೈಮೇಲೆ ಕೂರುತ್ತದೆ. ಮುಂದಿನ ಸಲ ಅದೇ ಧೂಳು ಒಳಗೆ ಹೋದಾಗ ಆ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈಯೀನ್ ಎಂಬ ರಾಸಾಯನಿಕಗಳನ್ನು ಸುರಿಯುತ್ತವೆ. ನಿಮಿಷಗಳಲ್ಲೇ ಶ್ವಾಸನಾಳದ ಸ್ನಾಯು ಬಿಗಿಯುತ್ತದೆ. ಕಥೆ ಅಲ್ಲಿಗೆ ಮುಗಿಯಲ್ಲ. ಕೆಲವು ಗಂಟೆಗಳ ಮೇಲೆ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಒಳಪದರ ಊದಿಕೊಳ್ಳುತ್ತದೆ, ಕಫ ತುಂಬುತ್ತದೆ.

ಸಾಲ್ಬುಟಮಾಲ್ ಸಡಿಲಿಸುವುದು ಸ್ನಾಯುವನ್ನು ಮಾತ್ರ. ಊತ ಇಳಿಸುವುದು ಸ್ಟೆರಾಯ್ಡ್. ನಾನು ಬರೀ ಸಾಲ್ಬುಟಮಾಲ್ ಎಳೆದಾಗಲೆಲ್ಲ ಹಗುರಾಗುತ್ತಿತ್ತು, ಒಳಗೆ ಊತ ಬೆಳೆಯುತ್ತಲೇ ಇತ್ತು. ಒಂದು ರಾತ್ರಿ ಎಷ್ಟು ಎಳೆದರೂ ಉಸಿರಾಟ ಸಲೀಸಾಗಲಿಲ್ಲ. ಮಾತಾಡಲೂ ಆಗದ ಸ್ಥಿತಿಯಲ್ಲಿ ಆಸ್ಪತ್ರೆಗೆ ಸೇರಿಸಿದರು. ಆಕ್ಸಿಜನ್ ಹಾಕಿ, ರಕ್ತನಾಳಕ್ಕೇ ಸ್ಟೆರಾಯ್ಡ್ ಕೊಟ್ಟರು. ಇನ್‌ಹೇಲರ್‌ನಲ್ಲಿ ಇರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಅವತ್ತು ಕೊಟ್ಟದ್ದು ಮಿಲಿಗ್ರಾಂ ಲೆಕ್ಕದಲ್ಲಿ. ಯಾವುದಕ್ಕೆ ಹೆದರಿ ಓಡಿದ್ದೆನೋ ಅದನ್ನೇ ಎಷ್ಟೋ ಪಟ್ಟು ಜಾಸ್ತಿ ಮೈಗೆ ಸೇರಿಸಿಕೊಂಡೆ.

ಹಾಗಾಗಿ ಇಮ್ಯುನಿಟಿ ಪುಡಿ, ಮಾತ್ರೆ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಐಜಿಇ ಸಂಖ್ಯೆಯ ಹಿಂದೆಯೂ ಬೀಳಬೇಡಿ. ಎಕ್ಸಿಮಾ ಎಂಬ ಚರ್ಮದ ತುರಿಕೆ ಕಾಯಿಲೆ ಇದ್ದರೂ, ಹೊಟ್ಟೆಹುಳು ಇದ್ದರೂ ಅದು ಏರುತ್ತದೆ. ಕಾಯಿಲೆ ಎಷ್ಟು ತೀವ್ರ ಅನ್ನುವುದನ್ನು ಆ ಒಂದು ಸಂಖ್ಯೆ ಹೇಳುವುದಿಲ್ಲ. ಐಜಿಇಯನ್ನೇ ಹಿಡಿದುಹಾಕುವ ಒಮಾಲಿಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ, 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು. ಆದರೆ ಇನ್‌ಹೇಲರ್‌ಗಳನ್ನು ಸರಿಯಾಗಿ ತೆಗೆದುಕೊಂಡರೂ ಹತೋಟಿಗೆ ಬಾರದ ಅಲರ್ಜಿ ಆಸ್ತಮಾಕ್ಕೆ ಅದು. ಸದ್ಯಕ್ಕೆ ನೀವು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ ಔಷಧಿಯಲ್ಲಿ ಊತ ಇಳಿಸುವುದು ಯಾವುದು ಅಂತ ಡಾಕ್ಟರನ್ನು ಕೇಳಿ. ದೊಡ್ಡವರು ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡಿರಬಾರದು ಎಂದು ಜಾಗತಿಕ ಆಸ್ತಮಾ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ. ಸ್ಟೆರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆಗೆ ಫಂಗಸ್ ಹಿಡಿಯಬಹುದು. ಮತ್ತೆ, ಚೆನ್ನಾಗಿದ್ದೀನಿ ಅನ್ನಿಸಿದ ಕೂಡಲೇ ನೀವೇ ಅದನ್ನು ನಿಲ್ಲಿಸಬೇಡಿ.