ಸಂಜೆ ಲಕ್ಷ್ಮಿ, ನಡುರಾತ್ರಿ ಕಾಳಿ

ಪ್ರಶ್ನೆ: ಅಕ್ಕಾ, ಮಗ ಬೆಂಗಳೂರಿನಲ್ಲಿ ಜೊತೆಗೆ ಕೆಲಸ ಮಾಡುವ ಬಂಗಾಳಿ ಹುಡುಗಿಯನ್ನು ಮದುವೆಯಾಗಿದ್ದಾನೆ. ಹುಡುಗಿ ಒಳ್ಳೆಯವಳು, ದೂರಲು ಏನೂ ಇಲ್ಲ. ಈ ದೀಪಾವಳಿಗೆ ಇಬ್ಬರೂ ಊರಿಗೆ ಬರುತ್ತಿದ್ದಾರೆ. 'ಅಮಾವಾಸ್ಯೆ ರಾತ್ರಿ ಕಾಳಿ ಪೂಜೆ ಮಾಡಲಾ ಅಮ್ಮಾ?' ಎಂದು ಫೋನಿನಲ್ಲಿ ಕೇಳಿದಳು. ಆವತ್ತು ನಾವು ಲಕ್ಷ್ಮಿ ಪೂಜೆ ಮಾಡುವವರು. ನಮ್ಮ ಅತ್ತೆಗೆ ಎಂಬತ್ತು ದಾಟಿದೆ. 'ಕಾಳಿ ಉಗ್ರ ದೇವತೆ, ಫೋಟೋ ಕೂಡ ಒಳಗೆ ಬರಕೂಡದು' ಅಂತಾರೆ. ಮಾಂಸದ ನೈವೇದ್ಯ ಇಡ್ತಾರೆ ಅಂತ ಬೇರೆ ಯಾರೋ ಅವರ ಕಿವಿಗೆ ಹಾಕಿದ್ದಾರೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಏನು ಮಾಡಲಿ?
(ಹೆಸರು ಬೇಡ, ಹಾಸನ)

ಉತ್ತರ: 'ಮಾಡು ಮಗಳೇ' ಅನ್ನಿ. ಆಮೇಲೆ ನನ್ನ ಕಥೆ ಕೇಳಿ.

ನಾನು ಹಾವೇರಿ ಕಡೆಯವಳು. ನಮ್ಮವರಿಗೆ ಕೊಲ್ಕತ್ತಾಗೆ ವರ್ಗವಾಗಿ, ಅಲ್ಲಿ ಒಂಬತ್ತು ವರ್ಷ ಇದ್ದೆವು. ಮನೆ ಇದ್ದದ್ದು ಲೇಕ್ ಮಾರ್ಕೆಟ್ ಹತ್ತಿರ. ದಕ್ಷಿಣದವರು ಜಾಸ್ತಿ ಇರುವ ಜಾಗ. ಕಾಫಿಪುಡಿ, ಕರಿಬೇವು, ಬಾಳೆಎಲೆ ಎಲ್ಲ ಸಿಗುತ್ತಿತ್ತು. ಕಾಳಿಘಾಟ್ ಗುಡಿ ನಡೆದು ಹೋಗುವಷ್ಟು ದೂರ. ಮೊದಲ ದೀಪಾವಳಿಯ ದಿನ ಸಂಜೆ ಲಕ್ಷ್ಮಿ ಪೂಜೆ ಮುಗಿಸಿ, ಹೋಳಿಗೆ ತಿಂದು ಮಲಗಿದ್ದೆ. ಹನ್ನೊಂದೂವರೆಗೆ ಢಾಕ್ ಬಡಿಯಲು ಶುರುವಾಯಿತು. ಢಾಕ್ ಅಂದರೆ ಅವರ ದೊಡ್ಡ ಡೋಲು, ಎರಡು ಕೋಲಿನಲ್ಲಿ ಬಡಿಯುತ್ತಾರೆ, ಕಿಟಕಿ ಗಾಜು ನಡುಗುತ್ತದೆ. ಅಷ್ಟರಲ್ಲಿ ಪಕ್ಕದ ಮನೆ ಬೌದಿ ಬಂದು ಬಾಗಿಲು ತಟ್ಟಿದರು. ಅತ್ತಿಗೆಯನ್ನು ಅಲ್ಲಿ ಬೌದಿ ಅಂತಾರೆ. ನನಗೆ ನಿಮ್ಮ ಅತ್ತೆಯವರಷ್ಟೇ ಭಯ. ಅಮಾವಾಸ್ಯೆ, ನಡುರಾತ್ರಿ, ಕಾಳಿ ಬೇರೆ. ಮುಖ ನೋಡಿಯೇ ಅವರಿಗೆ ಗೊತ್ತಾಯಿತು. 'ಭೋಯ್ ಕೀಶೇರ್?' ಎಂದು ನಕ್ಕರು. ಭಯ ಯಾತಕ್ಕೆ ಅಂತ.

ಒಳಗೆ ಮೊಣಕಾಲೆತ್ತರದ ಮಣ್ಣಿನ ಮೂರ್ತಿ. ಕೊರಳಲ್ಲಿ 108 ಕೆಂಪು ದಾಸವಾಳದ ಹಾರ. ಬೌದಿ ಬೆಳಗಿನಿಂದ ಉಪವಾಸ. ಅವರ ನಾಲ್ಕು ವರ್ಷದ ಮಗಳು ನಿದ್ದೆ ತಡೆಯಲಾರದೆ ಮೂರ್ತಿಯ ಮುಂದೆಯೇ ಚಾಪೆ ಮೇಲೆ ಮುದುರಿಕೊಂಡು ಮಲಗಿದ್ದಳು. ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು. ಆ ಮಗುವನ್ನು ನೋಡಿದ ಮೇಲೆ ನನ್ನ ಎದೆಬಡಿತ ಇಳಿಯಿತು ನೋಡಿ.

ನಾವೆಲ್ಲ ಕಾಳಿಯ ಎಡಗೈಗಳನ್ನು ಮಾತ್ರ ನೋಡಿರುತ್ತೇವೆ. ಕತ್ತಿ, ರುಂಡ. ಕಣ್ಣು ಅಲ್ಲಿಗೇ ಹೋಗುತ್ತದೆ, ತಪ್ಪಲ್ಲ. ಬಲಗೈಗಳಲ್ಲಿ ಒಂದು 'ಹೆದರಬೇಡ' ಅನ್ನುತ್ತದೆ, ಇನ್ನೊಂದು 'ತಗೋ' ಅನ್ನುತ್ತದೆ. ಬಂಗಾಳದ ಮನೆಗಳಲ್ಲಿ ಕೂರಿಸುವುದು ಈ ದಕ್ಷಿಣಾ ಕಾಳಿಯನ್ನು. ಶ್ಮಶಾನ ಕಾಳಿಯನ್ನು ಅವರೂ ಮನೆಯೊಳಗೆ ತರುವುದಿಲ್ಲ. ಹಾಗಾಗಿ ನಿಮ್ಮ ಅತ್ತೆಯವರ ಅಂಜಿಕೆ ಪೂರ್ತಿ ಸುಳ್ಳಲ್ಲ, ಆದರೆ ಸೊಸೆ ತರುವ ಫೋಟೋಗೆ ಅದು ಅನ್ವಯಿಸಲ್ಲ.

ಅವರ ಹತ್ತಿರ ವಾದ ಮಾಡಬೇಡಿ. ರಾಮಕೃಷ್ಣ ಪರಮಹಂಸರು ಗೊತ್ತಾ ಅಂತ ಕೇಳಿ. ಗೊತ್ತು ಅಂತಾರೆ. ಆ ಪರಮಹಂಸರು ಜೀವನಪೂರ್ತಿ 'ಅಮ್ಮಾ' ಅಂದದ್ದು ದಕ್ಷಿಣೇಶ್ವರದ ಭವತಾರಿಣಿಯನ್ನು. ರಾಣಿ ರಾಸಮಣಿ 1855ರಲ್ಲಿ ಕಟ್ಟಿಸಿದ ಗುಡಿ ಅದು, ಒಳಗಿರುವವಳು ಕಾಳಿಯೇ. ಅಷ್ಟು ದೂರ ಯಾಕೆ, ನಮ್ಮೂರುಗಳಲ್ಲಿ ಕಾಳಮ್ಮನ ಗುಡಿ ಇಲ್ವಾ? ಕಾಳಮ್ಮ, ಕಾಳಿಕಾಂಬೆ ಅಂತ ಕೈಮುಗಿದು ಬರುತ್ತೇವೆ, ಬಂಗಾಳಿಯಲ್ಲಿ 'ಮಾ ಕಾಳಿ' ಅಂದಾಗ ಮಾತ್ರ ಬೆಚ್ಚಿಬೀಳುತ್ತೇವೆ.

ಹೊತ್ತಿನ ಜಗಳವೂ ಇಲ್ಲ. ನಿಮ್ಮ ಲಕ್ಷ್ಮಿಗೆ ದೀಪ ಹಚ್ಚುವ ಹೊತ್ತು ಸಂಜೆ. ಕಾಳಿಯದು ನಡುರಾತ್ರಿ. ಬಂಗಾಳದಲ್ಲೇ ಎಷ್ಟೋ ಹಳೆಯ ಮನೆಗಳಲ್ಲಿ ಅದೇ ಸಂಜೆ ಲಕ್ಷ್ಮಿ ಪೂಜೆಯೂ ಇದೆ. ಅದಕ್ಕೆ ಮೊದಲು ಸಗಣಿಯಲ್ಲಿ ಅಲಕ್ಷ್ಮಿಯನ್ನು ಮಾಡಿ, ಮೊರ ಬಡಿಯುತ್ತಾ ಮನೆಯಿಂದ ಹೊರಗೆ ಹಾಕುತ್ತಾರೆ. ನಾವು ಬೈಯುವಾಗ 'ಮೂದೇವಿ' ಅಂತೀವಲ್ಲ, ಅವಳೇ. (ನಮ್ಮ ಕಡೆ ಹಟ್ಟಿಹಬ್ಬಕ್ಕೆ ಸಗಣಿಯಲ್ಲಿ ಪಾಂಡವರನ್ನು ಮಾಡಿ ಹೂ ಏರಿಸುತ್ತೇವೆ. ಅವರು ಸಗಣಿಯ ಗೊಂಬೆಯನ್ನು ಓಡಿಸುವುದು ನೋಡಿ ನನಗೆ ಮೊದಲ ಸಲ ಕಸಿವಿಸಿಯಾಗಿತ್ತು.) ಇನ್ನು ಕಾಳಿಘಾಟಿನಲ್ಲಂತೂ ಆ ರಾತ್ರಿ ಕಾಳಿಯನ್ನೇ ಲಕ್ಷ್ಮಿಯಾಗಿ ಪೂಜಿಸುತ್ತಾರೆ. ನಿಮ್ಮ ಅತ್ತೆಯವರಿಗೆ ಇದನ್ನು ತಪ್ಪದೆ ಹೇಳಿ.

ಮಾಂಸದ ವಿಷಯಕ್ಕೆ ಬರೋಣ. ಸುಳ್ಳು ಹೇಳಲ್ಲ, ಇದೆ. ಆ ರಾತ್ರಿ ಪೂಜೆ ಮುಗಿದ ಮೇಲೆ ಬೌದಿ ತಟ್ಟೆ ಕೊಟ್ಟು 'ನಿರಾಮಿಷ, ನಿರಾಮಿಷ, ತಿನ್ನು' ಅಂದರು. ಕಿಚಡಿ, ತರಕಾರಿ, ಪಕ್ಕದಲ್ಲಿ ಘಮಘಮ ಅನ್ನುವ ಗಟ್ಟಿ ಸಾರು. ನಿರಾಮಿಷ ಅಂದರೆ ಸಸ್ಯಾಹಾರ ತಾನೇ? ತುತ್ತು ಕಲಸಿ ಬಾಯಿ ಹತ್ತಿರ ತಂದಾಗ ಮೂಳೆ ಸಿಕ್ಕಿತು. ದೇವಿಗೆ ಬಲಿ ಕೊಟ್ಟ ಆಡಿನ ಮಾಂಸವನ್ನು ಈರುಳ್ಳಿ ಬೆಳ್ಳುಳ್ಳಿ ಹಾಕದೆ, ಶುಂಠಿ ಜೀರಿಗೆ ಹಾಕಿ ಬೇಯಿಸಿದರೆ ಅಲ್ಲಿ ಅದಕ್ಕೆ ನಿರಾಮಿಷ ಮಾಂಸ ಅಂತ ಹೆಸರು! ನನ್ನ ಕೈ ಗಾಳಿಯಲ್ಲೇ ನಿಂತಿತು. ಬೌದಿಗೆ ಆಗ ನೆನಪಾಯಿತು. ಉದ್ದಕ್ಕೆ ನಾಲಿಗೆ ಹೊರಗೆ ಹಾಕಿ ಕಚ್ಚಿಕೊಂಡರು. ಬೇರೆ ತಟ್ಟೆ ಬಂತು. ಮುಂದಿನ ಎಂಟು ವರ್ಷ ನನ್ನ ತಟ್ಟೆಗೆ ಅವರೇ ಕಾವಲು.

ಎಲ್ಲ ಮನೆಗಳಲ್ಲೂ ಮಾಂಸ ಇಡಲೇಬೇಕು ಅಂತಿಲ್ಲ. ಕಿಚಡಿ, ಪಾಯಸ, ಹಣ್ಣು ಇಟ್ಟು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಸೊಸೆಗೆ ನೇರವಾಗಿ ಹೇಳಿ: 'ಪೂಜೆ ಮಾಡು, ಅಡುಗೆ ಮಾತ್ರ ನಮ್ಮ ಮನೆಯ ಪದ್ಧತಿ.' ಅವಳು ಒಪ್ಪುತ್ತಾಳೆ, ಕೇಳಿಯೇ ಮಾಡುವ ಹುಡುಗಿ ಅಲ್ವಾ? ಕಿಚಡಿ ನೀವಿಬ್ಬರೂ ಸೇರಿ ಮಾಡಿ. ಹೆಸರುಬೇಳೆಯನ್ನು ಕೆಂಪಗೆ ಹುರಿದು, ಸಣ್ಣ ಅಕ್ಕಿ ಸೇರಿಸಿ, ಶುಂಠಿ, ತುಪ್ಪ. ನಮ್ಮ ಖಾರ ಪೊಂಗಲ್‌ಗೆ ಹತ್ತಿರದ ಸಂಬಂಧಿ. ಮನೆಗೆ ಮೂರ್ತಿ, ಪುರೋಹಿತರು ಏನೂ ಬೇಡ. ಫೋಟೋ, ದೀಪ, ಧೂಪ, ಕೆಂಪು ದಾಸವಾಳ ಸಾಕು. ನಿಮ್ಮ ಹಿತ್ತಲಲ್ಲಿ ದಾಸವಾಳದ ಗಿಡ ಇದ್ದರೆ ಮೊಗ್ಗನ್ನು ಅವಳಿಗೆ ಬಿಡಿ, ಬೆಳಿಗ್ಗೆಯೇ ಎಲ್ಲ ಕಿತ್ತು ಲಕ್ಷ್ಮಿಗೆ ಏರಿಸಬೇಡಿ.

ಹಾಸನದವರಿಗೆ ಸೊಸೆಕಲ್ಲಿನ ಕಥೆ ನಾನು ಹೇಳಬೇಕಾ? ಅಮ್ಮನ ದರ್ಶನಕ್ಕೆ ಬಂದ ಸೊಸೆಯನ್ನು ಹಿಂಬಾಲಿಸಿ ಬಂದು ಅತ್ತೆ ಹೊಡೆದದ್ದು, ಸೊಸೆ ಕಲ್ಲಾಗಿ ವರ್ಷಕ್ಕೊಂದು ಅಕ್ಕಿಕಾಳಿನಷ್ಟು ಹಾಸನಾಂಬೆಯ ಕಡೆ ಸರಿಯುತ್ತಿರುವುದು. ಆ ಗುಡಿಯ ಬಾಗಿಲು ತೆರೆದಿರುವುದೂ ವರ್ಷದಲ್ಲಿ ಈ ಕೆಲವೇ ದಿನ. ಮೂವರೂ, ಅತ್ತೆಯವರನ್ನೂ ಕರೆದುಕೊಂಡು, ಒಮ್ಮೆ ಹೋಗಿಬನ್ನಿ. ಸಾಲು ಉದ್ದ ಇರುತ್ತೆ, ನೀರಿನ ಬಾಟಲಿ ಮರೆಯಬೇಡಿ.

ಪ್ರಶ್ನೆ: ನನ್ನದು ಬಟ್ಟೆ ಅಂಗಡಿ. 2025ರಲ್ಲಿ ಕೊಲ್ಕತ್ತಾದ ವ್ಯಾಪಾರಿಗಳು ಅಕ್ಟೋಬರ್ 20ಕ್ಕೆ ಕಾಳಿ ಪೂಜೆ ಅಂದರು. ನಮ್ಮ ಅಂಗಡಿ ಪೂಜೆ 21ಕ್ಕೆ. ಅವರು ಕಾರ್ತಿಕ ಅಮಾವಾಸ್ಯೆ ಅಂತಾರೆ, ನಮ್ಮ ಪಂಚಾಂಗದಲ್ಲಿ ಆಶ್ವಯುಜ ಅಮಾವಾಸ್ಯೆ. ಯಾರದ್ದು ಸರಿ?
(ಓದುಗರು, ಹುಬ್ಬಳ್ಳಿ)

ಉತ್ತರ: ಇಬ್ಬರದ್ದೂ. ಆ ವರ್ಷ ಅಮಾವಾಸ್ಯೆ 20ರ ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಹಿಡಿದು, 21ರ ಸಂಜೆ ಆರಕ್ಕೆ ಸ್ವಲ್ಪ ಮುಂಚೆ ಮುಗಿಯಿತು. ಕಾಳಿಗೆ ನಡುರಾತ್ರಿ ಅಮಾವಾಸ್ಯೆ ಇರಬೇಕು. ಇದ್ದದ್ದು 20ರ ರಾತ್ರಿ ಮಾತ್ರ. ನಮ್ಮಲ್ಲಿ 20ರ ನಸುಕಿಗೆ ನರಕಚತುರ್ದಶಿಯ ಎಣ್ಣೆಸ್ನಾನ, 21ಕ್ಕೆ ಅಮಾವಾಸ್ಯೆ, 22ಕ್ಕೆ ಪಾಡ್ಯ. 2024ರಲ್ಲೂ ಹೀಗೇ ಆಗಿತ್ತು. ಅವರದು ಅಕ್ಟೋಬರ್ 31, ನಮ್ಮದು ನವೆಂಬರ್ 1.

ಹೆಸರಿನ ಗೊಂದಲ ಇನ್ನೂ ಸುಲಭ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರದವರದು ಹುಣ್ಣಿಮೆಗೇ ಮುಗಿದು, ಆಗಲೇ ಕಾರ್ತಿಕ ಶುರುವಾಗಿರುತ್ತದೆ. ಬಂಗಾಳಿಗಳ ತಿಂಗಳು ಸೂರ್ಯನ ಲೆಕ್ಕ, ಅಲ್ಲೂ ಆಗ ಕಾರ್ತಿಕ. ಕತ್ತಲು ಒಂದೇ. ನೀವು ಮಾತ್ರ ಆ ಎರಡು ದಿನ ಕೊಲ್ಕತ್ತಾದಿಂದ ಮಾಲು ಬರುತ್ತೆ ಅಂತ ಕಾಯಬೇಡಿ.

ಪ್ರಶ್ನೆ: ಆಂಟಿ, ಕಾಳಿ ಯಾಕೆ ನಾಲಿಗೆ ಹೊರಗೆ ಹಾಕಿದ್ದಾಳೆ?
(ಐದನೇ ತರಗತಿ, ಶಿವಮೊಗ್ಗ)

ಉತ್ತರ: ಪುಟ್ಟಾ, ಪುರಾಣದಲ್ಲಿ ರಕ್ತಬೀಜ ಅಂತ ಒಬ್ಬ ರಾಕ್ಷಸ. ಅವನ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಇನ್ನೊಬ್ಬ ರಾಕ್ಷಸ ಹುಟ್ಟುತ್ತಿದ್ದ. ಅದಕ್ಕೇ ಕಾಳಿ ಬಾಯಿ ಅಗಲಿಸಿ ಹನಿಗಳನ್ನೆಲ್ಲ ಕುಡಿದುಬಿಟ್ಟಳು. ಇದು ಒಂದು ಕಥೆ. ಬಂಗಾಳದ ಅಜ್ಜಿಯರು ಹೇಳುವುದು ಬೇರೆ. ರಾಕ್ಷಸರನ್ನು ಕೊಂದ ಮೇಲೂ ಕಾಳಿಯ ಸಿಟ್ಟು ಇಳಿಯಲಿಲ್ಲ, ಕುಣಿಯುತ್ತಲೇ ಇದ್ದಳು. ತಡೆಯಲು ಶಿವ ಬಂದು ಅಡ್ಡ ಮಲಗಿದ. ನೋಡದೆ ಗಂಡನ ಎದೆ ಮೇಲೆ ಕಾಲಿಟ್ಟಳು. 'ಅಯ್ಯೋ!' ಅಂತ ನಾಲಿಗೆ ಕಚ್ಚಿಕೊಂಡಳು. ತಪ್ಪಾದಾಗ ಅಲ್ಲಿಯವರು ಈಗಲೂ ಹಾಗೇ ಮಾಡುತ್ತಾರೆ. ಮೇಲಿನ ಉತ್ತರದಲ್ಲಿ ನಮ್ಮ ಬೌದಿ ಮಾಡಿದ್ದು ಓದಿದೆಯಾ? ಥೇಟ್ ಹಾಗೇ. ಕೈಯಲ್ಲಿ ಕತ್ತಿಯ ಬದಲು ಸೌಟು ಇತ್ತು ಅಷ್ಟೆ.