ಇಸಿಜಿ ಸರಿ ಇದೆ, ಆದರೂ ಮಗಳಿಗೆ ಯಾಕೆ ಹೀಗಾಗುತ್ತದೆ?

ಪ್ರಶ್ನೆ: ಮಗಳಿಗೆ 16 ವರ್ಷ. ಎರಡು ತಿಂಗಳ ಹಿಂದೆ ತರಗತಿಯಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡಿತಂತೆ. ಉಸಿರು ಕಟ್ಟಿದ ಹಾಗಾಯಿತು, ಬೆರಳು ಜುಮ್ಮೆಂದವು, ‘ನಾನು ಸತ್ತೇ ಹೋಗ್ತೀನಿ’ ಎಂದು ಅತ್ತಳು. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಸರಿ ಇವೆ. ಡಾಕ್ಟರು ಪ್ಯಾನಿಕ್ ಅಟ್ಯಾಕ್ ಎಂದರು. ಆಮೇಲೆ ಮೂರು ಸಲ ಮತ್ತೆ ಆಯಿತು. ಈಗ ಶಾಲೆಗೇ ಹೋಗಲ್ಲ ಅನ್ನುತ್ತಾಳೆ. ಅವಳಪ್ಪ ‘ಎಲ್ಲ ನಾಟಕ’ ಎನ್ನುತ್ತಾರೆ. ನನಗೆ ದಿಕ್ಕೇ ತೋಚುತ್ತಿಲ್ಲ.

ಉತ್ತರ: ಮೊದಲು ಅಪ್ಪನ ಮಾತಿಗೆ ಬರುತ್ತೇನೆ. ಮುಂದಿನ ಸಲ ಹೀಗಾದಾಗ ಅವರೇ ಮಗಳ ನಾಡಿ ಹಿಡಿದು ನೋಡಲಿ. ಕತ್ತಲಲ್ಲಿ ಹಗ್ಗ ತುಳಿದು ಹಾವು ಎಂದುಕೊಂಡವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ? ಹಾವು ಸುಳ್ಳು, ಬಡಿತ ನಿಜ. ಮಗಳಿಗೆ ಆಗುತ್ತಿರುವುದು ಇದೇ. ಮೆದುಳು ಅಪಾಯ ಬಂತೆಂದು ತಪ್ಪಾಗಿ ತಿಳಿದು, ಎದೆ ಬಡಿತ ಏರಿಸುವ ಅಡ್ರಿನಲಿನ್ ಎಂಬ ಹಾರ್ಮೋನ್ ರಕ್ತಕ್ಕೆ ಸುರಿಯುವಂತೆ ಮಾಡುತ್ತದೆ. ಓಡಲು ಸಿದ್ಧವಾದ ದೇಹ ಬೆಂಚಿನ ಮೇಲೆ ಸುಮ್ನೆ ಕೂತಿರುತ್ತದೆ.

ಉಸಿರಿನ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಅವಳಿಗೆ ಗಾಳಿ ಸಾಲುತ್ತಿಲ್ಲ ಅನಿಸುತ್ತದೆ, ಆದರೆ ಆಗ ಅವಳು ಉಸಿರಾಡುತ್ತಿರುವುದು ಬೇಕಾದ್ದಕ್ಕಿಂತ ಜಾಸ್ತಿ. ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ತಲೆ ಸುತ್ತುವುದು, ಬೆರಳು, ತುಟಿ ಜುಮ್ಮೆನ್ನುವುದು ಇದರಿಂದಲೇ. ಹಾಗಿರುವಾಗ ಪಕ್ಕದಲ್ಲಿ ನಿಂತು ‘ಜೋರಾಗಿ ಉಸಿರು ಎಳ್ಕೋ’ ಎಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಉಸಿರು ಬಿಡುವುದನ್ನು ನಿಧಾನ ಮಾಡಿಸಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಬಾಯಿಂದ ಆರು ಎಣಿಸುವಷ್ಟು ಹೊರಗೆ. ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೇ ಪದ್ಧತಿ ಬೇಡ. ತೊಂದರೆ ಆಸ್ತಮಾದ್ದೋ ಹೃದಯದ್ದೋ ಆಗಿದ್ದರೆ ಅದು ಅಪಾಯ.

ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಭಯ ತುದಿ ಮುಟ್ಟಿ, ತಾನಾಗಿ ಇಳಿಯತೊಡಗುತ್ತದೆ. ಇದನ್ನು ಮಗಳಿಗೆ ಅಟ್ಯಾಕ್ ನಡುವೆ ಹೇಳಬೇಡಿ, ಅವಳು ಆರಾಮವಾಗಿರುವಾಗ ಹೇಳಿ. ‘ಏನೂ ಆಗಿಲ್ಲ ಬಿಡು’ ಅನ್ನುವುದನ್ನಂತೂ ಬಿಟ್ಟೇಬಿಡಿ. ಏನೋ ಆಗಿದೆ, ಅವಳಿಗೆ ಗೊತ್ತು. ‘ಪ್ಯಾನಿಕ್ ಬಂದಿದೆ, ಇಳಿಯುತ್ತೆ, ನಾನು ಇಲ್ಲೇ ಇದ್ದೀನಿ’ ಎಂದರೆ ಸಾಕು.

ನನಗೆ ಅಟ್ಯಾಕ್‌ಗಿಂತ ಶಾಲೆ ಬಿಟ್ಟಿರುವುದರ ಚಿಂತೆಯೇ ಜಾಸ್ತಿ. ಮನೆಯಲ್ಲಿ ಉಳಿದ ದಿನ ಅವಳಿಗೆ ಹಾಯೆನಿಸುತ್ತದೆ, ಅಲ್ವಾ? ಮೆದುಳು ಅದರಿಂದ ಕಲಿಯುವ ಪಾಠ ‘ಹೋಗಲಿಲ್ಲ, ಹಾಗಾಗಿ ಬದುಕಿದೆ’ ಎಂಬುದು. ಮರುದಿನ ಶಾಲೆ ಇನ್ನಷ್ಟು ಭಯ ಹುಟ್ಟಿಸುತ್ತದೆ. ಆಮೇಲೆ ಬಸ್ಸು, ಮದುವೆ ಮನೆ, ಲಿಫ್ಟು ಹೀಗೆ ಪಟ್ಟಿ ಬೆಳೆಯುತ್ತದೆ. ಕೆಲವು ಮಕ್ಕಳು ಎದೆ ಬಡಿತಕ್ಕೇ ಹೆದರಿ ಮೆಟ್ಟಿಲು ಹತ್ತುವುದನ್ನೂ ಬಿಡುತ್ತಾರೆ. ಭಯಕ್ಕೇ ಭಯಪಡುವ ಸ್ಥಿತಿ ಇದು.

ಹಾಗಂತ ದರದರ ಎಳೆದುಕೊಂಡು ಹೋಗಬೇಡಿ. ಮೊದಲು ಕಾರಣ ಕೇಳಿ. ಅಲ್ಲಿ ಯಾರಾದರೂ ಪೀಡಿಸುತ್ತಿದ್ದರೆ ಅದನ್ನು ಸರಿಪಡಿಸದೆ ಕಳಿಸುವುದು ಅನ್ಯಾಯ. ಅಂಥದ್ದೇನೂ ಇಲ್ಲದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ: ಒಂದು ದಿನ ಗೇಟಿನವರೆಗೆ, ಆಮೇಲೆ ಒಂದು ಪೀರಿಯಡ್, ಆಮೇಲೆ ಅರ್ಧ ದಿನ. ಅಟ್ಯಾಕ್ ಬಂದರೆ ಐದು ಹತ್ತು ನಿಮಿಷ ಹೊರಗೆ ಕೂತು ಮತ್ತೆ ತರಗತಿಗೇ ಬರುವಂತೆ ಟೀಚರ್ ಜೊತೆ ಮಾತಾಡಿಕೊಳ್ಳಿ. ಪ್ರತಿ ಸಲ ನಿಮಗೆ ಫೋನ್ ಮಾಡಿ ಮನೆಗೆ ಕಳಿಸಿದರೆ ಪಟ್ಟ ಕಷ್ಟವೆಲ್ಲ ನೀರುಪಾಲು. (ಫೋನ್ ಬಂದಾಗ ಓಡಿಹೋಗದೆ ಇರುವುದು ತಾಯಿಗೆ ಎಷ್ಟು ಕಷ್ಟ ಎಂದು ಗೊತ್ತು.) ರಾತ್ರಿ ನಿದ್ದೆ ಸರಿಯಾಗಲಿ. ಕಾಫಿ, ಎನರ್ಜಿ ಡ್ರಿಂಕ್ ಕಡಿಮೆ ಮಾಡಲಿ.

ಎರಡು ತಿಂಗಳಾಗಿದೆ, ಶಾಲೆಯೂ ನಿಂತಿದೆ. ಆದ್ದರಿಂದ ಮನಶ್ಶಾಸ್ತ್ರಜ್ಞರನ್ನು ಕಾಣಲು ಇನ್ನು ತಡ ಮಾಡಬೇಡಿ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದರಲ್ಲಿ ನಿಂತಲ್ಲೇ ಓಡಿಸಿ, ಬೇಕೆಂದೇ ಎದೆ ಬಡಿತ ಏರಿಸಿ, ‘ನೋಡು, ಇದರಿಂದ ಏನೂ ಆಗಲ್ಲ’ ಎಂದು ದೇಹಕ್ಕೇ ತೋರಿಸಿಕೊಡುವ ಅಭ್ಯಾಸವೂ ಇದೆ. ಮಾತ್ರೆ ಬೇಕಾದರೆ ಮನೋವೈದ್ಯರು ಬರೆದುಕೊಡುತ್ತಾರೆ. ಅದರ ಫಲ ಕಾಣಲು ಕೆಲವು ವಾರ ಬೇಕು. ಶುರುವಿನ ದಿನಗಳಲ್ಲಿ ಅವಳ ಮನಸ್ಥಿತಿಯ ಮೇಲೆ ಕಣ್ಣಿರಲಿ. ಮನೆಯಲ್ಲಿ ಯಾರದ್ದೋ ನಿದ್ದೆ ಮಾತ್ರೆ ಕೊಡುವುದಂತೂ ಬೇಡವೇ ಬೇಡ.

ಆಟವಾಡುವಾಗ ಎದೆ ನೋವು ಬಂದರೆ, ಪ್ರಜ್ಞೆ ತಪ್ಪಿ ಬಿದ್ದರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯ ನಿಂತು ಸತ್ತವರಿದ್ದರೆ ಹೃದಯ ತಜ್ಞರಿಗೆ ತೋರಿಸಿ. ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಅದೂ ಆಗಲಿ. ಸಾಯುವ ಮಾತು ಭಯದಿಂದ ಬಂದದ್ದೋ, ಬದುಕು ಬೇಡವೆನಿಸಿ ಬಂದದ್ದೋ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ‘ಬದುಕು ಬೇಡ’ ಎಂದರೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ವೈದ್ಯರ ಬಳಿ ಕರೆದೊಯ್ಯಿರಿ.

ಪ್ರಶ್ನೆ: ನನಗೆ 15 ವರ್ಷ. ಗೆಳೆಯನಿಗೆ ಪ್ಯಾನಿಕ್ ಬಂದಾಗ ಎಲ್ಲರೂ ಸುತ್ತ ನಿಂತು ನೋಡುತ್ತಾರೆ. ನಾನೇನು ಮಾಡಲಿ?

ಉತ್ತರ: ಗುಂಪನ್ನು ದೂರ ಕಳಿಸು, ಅದೇ ದೊಡ್ಡ ಉಪಕಾರ. ಪಕ್ಕ ಕೂತು ನೀನೇ ನಿಧಾನವಾಗಿ ಉಸಿರಾಡು, ಅವನು ನಿನ್ನ ತಾಳಕ್ಕೆ ಬರಬಹುದು. ಕೇಳದೆ ಮೈ ಮುಟ್ಟಬೇಡ. ಇದೇ ಮೊದಲ ಸಲವಾದರೆ, ಅಥವಾ ಇಳಿಯದಿದ್ದರೆ ಯಾರಾದರೂ ದೊಡ್ಡವರನ್ನು ಕರೆ. ಆಮೇಲೆ ಅವನ ಜೊತೆ ಎಂದಿನಂತೆ ಕ್ಲಾಸಿಗೆ ನಡೆ.