ಎಲ್ಲಿಗೆ ಹೊರಟೆ ಎಂದು ಕೇಳುವವರಿಗೆ

ಪತ್ರ: "ಕಳೆದ ಸಂಚಿಕೆಯಲ್ಲಿ ನಮ್ಮ ಭಾಗದ ಹೆಣ್ಣುಮಕ್ಕಳು ತಮ್ಮ ಮೆಚ್ಚಿನ ಸೈಕಲ್ ಹಾದಿಗಳ ಬಗ್ಗೆ ಬರೆದದ್ದನ್ನು ಓದಿದೆ. ಓದಲು ಚೆಂದ. ಆದರೆ ಅದನ್ನು ಓದಿದ ನನ್ನ ಮಗಳು ಈಗ ಭಾನುವಾರ ಸೈಕಲ್ ಮೇಲೆ ಅಣ್ಣಿಗೇರಿಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹೈಸ್ಕೂಲಿಗೆ ಹೋಗಲು ಅವಳಿಗೆ ಸೈಕಲ್ ಕೊಡಿಸಿದವನು ನಾನೇ. ಕೆಲಸಕ್ಕೆ ಹೋಗಲು ಸ್ಕೂಟಿಯನ್ನೂ ಕೊಡಿಸಿದ್ದೇನೆ. ಈಗ ಬಸ್ಸೂ ಪುಕ್ಕಟೆ ಇದೆ. ಹೀಗಿರುವಾಗ ಯಾವ ಕೆಲಸವೂ ಇಲ್ಲದೆ ಅಷ್ಟು ದೂರ ಪೆಡಲ್ ತುಳಿಯುವುದು ಯಾಕೆ? ನಮ್ಮ ರಸ್ತೆಗಳ ಸ್ಥಿತಿ ನಿಮಗೆ ಗೊತ್ತಿಲ್ಲವೇ? ಜವಾಬ್ದಾರಿ ಇರುವ ಪತ್ರಿಕೆ ಇಂಥದ್ದನ್ನು ಹುರಿದುಂಬಿಸಬಾರದು."
— ನಿವೃತ್ತ ಬ್ಯಾಂಕ್ ನೌಕರರು, ವಿದ್ಯಾನಗರ, ಹುಬ್ಬಳ್ಳಿ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಸರ್, ರಸ್ತೆಯ ಬಗ್ಗೆ ನೀವು ಹೇಳಿದ್ದು ನಿಜ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಎಷ್ಟು ಜೀವ ಹೋಗಿವೆ ಎಂದು ಈ ಊರಿನವರಿಗೆ ಯಾರೂ ಹೇಳಬೇಕಿಲ್ಲ. ಮಗಳು ಬಂದು ಮುಟ್ಟುವ ತನಕ ಒಳಗೂ ಹೊರಗೂ ಅಡ್ಡಾಡುವ ತಂದೆಯ ಸಂಕಟವೂ ಸಣ್ಣದಲ್ಲ.

ಆದರೆ ನಿಮ್ಮ ಪತ್ರದಲ್ಲಿ ರಸ್ತೆಯ ಮಾತು ಬಂದದ್ದು ಒಂದೇ ಸಾಲಿನಲ್ಲಿ. ಉಳಿದದ್ದೆಲ್ಲ 'ಕೆಲಸವಿಲ್ಲದೆ ಯಾಕೆ' ಎಂದೇ ಕೇಳುತ್ತದೆ. ಅದೇ ಮಗಳು ದಿನಾ ಪೇಟೆಯ ಗದ್ದಲದಲ್ಲಿ ಸ್ಕೂಟಿ ಓಡಿಸುತ್ತಾಳೆ, ಅಲ್ವಾ? ಲಾರಿಗಳೂ ಅವೇ, ತಗ್ಗುಗಳೂ ಅವೇ. ಕೆಲಸಕ್ಕೆ ಹೋಗುತ್ತಾಳೆ ಎಂದು ಆ ಅಪಾಯವನ್ನು ನೀವು ನುಂಗಿಕೊಂಡಿದ್ದೀರಿ. ಭಾನುವಾರ ಬೆಳಗ್ಗೆ ತನ್ನ ಖುಷಿಗೆ ಹೋಗುತ್ತೇನೆ ಅಂದಾಗ ಮಾತ್ರ ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ. ನಿಮ್ಮೊಬ್ಬರನ್ನೇ ದೂರುತ್ತಿಲ್ಲ. ನಮ್ಮ ಬಹಳಷ್ಟು ಮನೆಗಳ ರೂಢಿ ಇದು. ಹೆಣ್ಣುಮಗಳು ಹೊಸ್ತಿಲು ದಾಟಬೇಕಾದರೆ ಒಂದು ಕಾರಣ ಬೇಕು. ಶಾಲೆ, ಸಂತೆ, ಗಿರಣಿ, ದವಾಖಾನೆ, ಗುಡಿ. ಕಾರಣ ಮುಗಿದ ಕೂಡಲೇ ಮನೆಗೆ ಬರಬೇಕು. ಮಗ ಹೊರಟರೆ 'ಹಿಂಗ ಒಂದ್ ರೌಂಡ್ ಹೋಗಿ ಬರ್ತೀನಿ' ಅಂದರೆ ಸಾಕು. ಯಾರೂ ಮತ್ತೆ ಕೇಳುವುದಿಲ್ಲ.

ನಾನು ಬೆಟಗೇರಿಯಲ್ಲಿ ಬೆಳೆದವಳು. ಆಗ ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುವ ಅಂಗಡಿಗಳಿದ್ದವು. ಓಣಿಯ ಹುಡುಗರು ದೊಡ್ಡ ಸೈಕಲ್ಲಿನ ದಂಡಿಯ ಕೆಳಗೆ ಕಾಲು ತೂರಿಸಿ ಕಲಿತರು. ನಾನೂ ಅಣ್ಣನ ಬೆನ್ನು ಹತ್ತಿ, ಮೊಣಕಾಲು ಕೆತ್ತಿಸಿಕೊಂಡು ಕಲಿತೆ. ಕಲಿತ ಮೇಲೆ ಶುರುವಾಯಿತು ನೋಡಿ ಕಷ್ಟ. ಸೈಕಲ್ ಸಿಗಬೇಕಾದರೆ ನೆಪ ಹುಡುಕಬೇಕು. ಲೈಬ್ರರಿ ಪುಸ್ತಕ ವಾಪಸ್ ಕೊಡಬೇಕು, ಗೆಳತಿಯ ಹತ್ತಿರ ನೋಟ್ಸ್ ತರಬೇಕು, ಜೋಳ ಬೀಸಿಸಿಕೊಂಡು ಬರಬೇಕು. ಮನೆಯಲ್ಲಿ ಯಾರಿಗೂ ಬೇಡವಾದ ಕೆಲಸಗಳನ್ನೆಲ್ಲ ಬೇಡಿ ತೆಗೆದುಕೊಳ್ಳುತ್ತಿದ್ದೆ. ಕಾಲೇಜು ಮುಗಿಯಿತು, ನೆಪಗಳೂ ಮುಗಿದವು. ಸೈಕಲ್ ತಮ್ಮನ ಪಾಲಾಯಿತು.

ಅದು ಹಳೆಯ ಕಾಲ ಎನ್ನುತ್ತೀರಾ? ಕಳೆದ ಸಂಚಿಕೆಗೆ ಹಾವೇರಿಯಿಂದ ಬರೆದ ನರ್ಸ್ ಒಬ್ಬರು ಫೋನಿನಲ್ಲಿ ಹೇಳಿದ ಒಂದು ಮಾತನ್ನು ನಾವು ಅಚ್ಚು ಮಾಡಿರಲಿಲ್ಲ. ಅವರ ಒಪ್ಪಿಗೆ ಪಡೆದು ಈಗ ಬರೆಯುತ್ತಿದ್ದೇನೆ. ಅವರು ಬ್ಯಾಡಗಿ ಕಡೆ ಹೊರಡುವಾಗ ಹ್ಯಾಂಡಲ್ಲಿಗೆ ಒಂದು ಖಾಲಿ ಕೈಚೀಲ ಸಿಗಿಸಿಕೊಳ್ಳುತ್ತಾರೆ. ಚೀಲ ಕಂಡರೆ ಜನ ಸಂತೆಗೆ ಹೊರಟಿದ್ದಾಳೆ ಅಂದುಕೊಂಡು ಸುಮ್ಮನಾಗುತ್ತಾರಂತೆ. ಇಲ್ಲದಿದ್ದರೆ ಬೈಕಿನವರು ವೇಗ ಇಳಿಸಿ ಪಕ್ಕದಲ್ಲೇ ಬರುತ್ತಾ 'ಎಲ್ಲಿಗ್ ಹೊಂಟೀರಿ ಮೇಡಂ' ಎನ್ನುತ್ತಾರೆ. ಕೇಳಿ ನನಗೆ ಸಿಟ್ಟು ತಡೆಯಲಾಗಲಿಲ್ಲ. ರಾತ್ರಿಯಿಡೀ ರೋಗಿಗಳ ಸೇವೆ ಮಾಡುವ ಹೆಂಗಸು ತನ್ನ ರಜೆಯ ಬೆಳಗನ್ನು ಒಂದು ಖಾಲಿ ಚೀಲದ ಹಿಂದೆ ಬಚ್ಚಿಡಬೇಕೇ?

ಈ ಕಾಟ ನಮ್ಮಲ್ಲಷ್ಟೇ ಹುಟ್ಟಿದ್ದೂ ಅಲ್ಲ. ಎರಡೂ ಗಾಲಿ ಸಮ ಇರುವ, ಚೈನಿನಿಂದ ಓಡುವ ಸೈಕಲ್ ಇಂಗ್ಲೆಂಡಿನಲ್ಲಿ 1885ರಲ್ಲಿ ಬಂತು. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟಯರ್ ತಂದರು. ಮುಂದಿನ ಹತ್ತು ವರ್ಷದಲ್ಲಿ ಅಲ್ಲಿಯ ಹೆಂಗಸರು ಸೈಕಲ್ ಹತ್ತಿ ಊರು ಬಿಟ್ಟು ಊರಿಗೆ ಹೋಗತೊಡಗಿದರು. ತಕ್ಷಣ ಕೆಲವು ಡಾಕ್ಟರುಗಳು ಎದ್ದು ನಿಂತರು. ಸೈಕಲ್ ತುಳಿದರೆ ಹೆಂಗಸರ ಮುಖ ಬಿಗಿದು, ಕಣ್ಣು ಉಬ್ಬಿ ಹಾಗೇ ಉಳಿದುಬಿಡುತ್ತದೆ ಎಂದರು. 'ಸೈಕಲ್ ಮುಖ' ಎಂದು ಆ ರೋಗಕ್ಕೆ ಹೆಸರೂ ಇಟ್ಟರು. 1897ರಲ್ಲಿ ಕೇಂಬ್ರಿಜ್‌ನಲ್ಲಿ ಹೆಂಗಸರಿಗೆ ಪದವಿ ಕೊಡಬೇಕೇ ಎಂಬ ಮತದಾನ ನಡೆಯಿತು. ಬೇಡ ಎನ್ನುವ ಹುಡುಗರು ಸೈಕಲ್ ಮೇಲೆ ಕೂತ ಹೆಣ್ಣಿನ ಗೊಂಬೆ ಮಾಡಿ ಬೀದಿಯಲ್ಲಿ ಎಲ್ಲರಿಗೂ ಕಾಣುವಂತೆ ನೇತುಹಾಕಿದರು. ಪದವಿ ಬೇಡ ಎನ್ನಲು ಸೈಕಲ್ ಯಾಕೆ ಬೇಕಿತ್ತು ಹೇಳಿ? ಓದುವ ಹೆಣ್ಣೂ ತನ್ನ ಪಾಡಿಗೆ ತಾನು ಓಡಾಡುವ ಹೆಣ್ಣೂ ಅವರಿಗೆ ಒಂದೇ ತರಹದ ಭಯ ಹುಟ್ಟಿಸಿದ್ದರು. ಆ ವಿಶ್ವವಿದ್ಯಾಲಯ ಹೆಂಗಸರಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ.

ಅಷ್ಟು ದೂರ ಯಾಕೆ, ಪಕ್ಕದ ತಮಿಳುನಾಡಿಗೇ ಬನ್ನಿ. 1990ರ ದಶಕದ ಮೊದಲಲ್ಲಿ ಪುದುಕ್ಕೊಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅಕ್ಷರದ ಜೊತೆಗೆ ಸೈಕಲ್ಲನ್ನೂ ಸೇರಿಸಿದರು. ಕೂಲಿಯವರು, ಕಲ್ಲುಕ್ವಾರಿಯ ಹೆಂಗಸರು, ಅಂಗನವಾಡಿಯವರು, ಶಿಕ್ಷಕಿಯರು, ಹೀಗೆ ಹತ್ತಾರು ಸಾವಿರ ಹೆಂಗಸರು ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅಲ್ಲಿಗೆ ಹೋಗಿ ಬರೆದದ್ದನ್ನು ನಾನು ಈಗಲೂ ಆಗಾಗ ತೆಗೆದು ಓದುತ್ತೇನೆ. ಕೆಲವರು ಲೇಡೀಸ್ ಸೈಕಲ್ ಬೇಡ, ಗಂಡಸರ ಸೈಕಲ್ಲೇ ಇರಲಿ ಅಂದರಂತೆ. ಮುಂದಿನ ದಂಡಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಲ್ಲ! ಕೂಲಿ, ನೀರು, ಮಾರಾಟ ಎಲ್ಲಕ್ಕೂ ಸೈಕಲ್ ಬಂತು, ಸರಿ. ಆದರೆ ಆ ಹೆಂಗಸರು ಮತ್ತೆ ಮತ್ತೆ ಹೇಳಿದ್ದು ಬೇರೆ. ಬಸ್ಸಿಗೆ ಕಾಯಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ, ಮನಸ್ಸು ಬಂದಾಗ ಹೊರಡಬಹುದು ಎಂದು.

ನಮ್ಮ ಸರ್ಕಾರಗಳಿಗೆ ಉಪಯೋಗ ಅರ್ಥವಾಗುತ್ತದೆ. ಬಿಹಾರ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿದರು. ಸಕಾಲಕ್ಕೆ ಹೈಸ್ಕೂಲು ಸೇರುವ ಹುಡುಗಿಯರು ಶೇ. 32ರಷ್ಟು ಹೆಚ್ಚಿದ್ದರು. ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲೇ ಹೆಚ್ಚು ಲಾಭ. ಕರ್ನಾಟಕವೂ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಟ್ಟಿತು. ರೋಣ, ಶಿರಹಟ್ಟಿ, ಸವಣೂರು ಕಡೆ ಬೆಳಗ್ಗೆ ಹುಡುಗಿಯರ ಸಾಲು ಸೈಕಲ್ ಮೇಲೆ ಬರುವುದನ್ನು ನೋಡಿದವರು ಮರೆಯಲಾರರು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಹುಡುಗಿಯರ ಕೈಯಿಂದ ಅಷ್ಟು ದೊಡ್ಡ ವಸ್ತು ಜಾರಿತು, ನಾವು ಯಾರೂ ಬೀದಿಗೆ ಇಳಿಯಲಿಲ್ಲ. ಇನ್ನು ಕೊಡುತ್ತಿದ್ದಾಗಲೂ ಅಷ್ಟೇ. ಸೈಕಲ್ ಶಾಲೆಗೆ ಹೋಗುತ್ತಿತ್ತು, ಬರುತ್ತಿತ್ತು. ಭಾನುವಾರ ಅಣ್ಣ ಒಯ್ಯುತ್ತಿದ್ದ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅಪ್ಪನ ಹೊಲಕ್ಕೆ ಹೋಗುತ್ತಿತ್ತು.

ಶಕ್ತಿ ಯೋಜನೆಯ ಬಸ್ಸಿನ ಬಗ್ಗೆ ನನಗೆ ತುಂಬಾ ಗೌರವ ಇದೆ. 2023ರ ಜೂನ್‌ನಿಂದ ಎಷ್ಟೋ ಹೆಂಗಸರು ಮೊದಲ ಸಲ ತಮಗೆ ಬೇಕಾದ ಕಡೆ ಹೋಗಿ ಬಂದಿದ್ದಾರೆ. ಆದರೆ ಬಸ್ಸು ಅದು ಹೋಗುವಲ್ಲಿಗೆ ಹೋಗುತ್ತದೆ. ಹೊಲದ ಬದುವಿನಲ್ಲಿ ನಿಲ್ಲಿಸಿ ಅಂದರೆ ನಿಲ್ಲುವುದಿಲ್ಲ.

ಆ ಹೊಲದ ಬದುವಿಗಾಗಿಯೇ ನಾವು ಆ ಬರಹಗಳನ್ನು ಹಾಕಿದ್ದು. ಧಾರವಾಡದ ಶಿಕ್ಷಕಿಯೊಬ್ಬರು ಬರೆದದ್ದನ್ನು ಇನ್ನೊಮ್ಮೆ ಓದಿ. ಅವರು ಮೊದಲು ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ, ಮರಗಳ ನೆರಳಲ್ಲಿ, ಏರಿನ ರೂಢಿ ಮಾಡಿಕೊಂಡರು. ಆಮೇಲೆ ಕಲಘಟಗಿ ರಸ್ತೆಯಲ್ಲಿ ಸೋಮೇಶ್ವರಕ್ಕೆ ಹೋದರು. ಶಾಲ್ಮಲಾ ಹುಟ್ಟುವುದು ಅಲ್ಲಿ. ಆ ನೀರು ಬೇಡ್ತಿಯಾಗಿ ಪಶ್ಚಿಮದ ಸಮುದ್ರ ಸೇರುತ್ತದೆ. ಊರಿನ ಪೂರ್ವದಲ್ಲಿ ಬಿದ್ದ ಮಳೆ ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣೆ ಎಂದು ಹರಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪುಸ್ತಕದಲ್ಲಿ ಇದನ್ನು ವರ್ಷಗಟ್ಟಲೆ ಪಾಠ ಮಾಡಿದ್ದರಂತೆ. ನೆಲ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ತೊಡೆಗೆ ಗೊತ್ತಾದ ಮೇಲೆ ಪಾಠ ಮಾಡುವ ರೀತಿಯೇ ಬದಲಾಯಿತು ಎಂದು ಬರೆದಿದ್ದಾರೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಏರು ಇದೆ ಎಂದು ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕೂತವರಿಗೆ ಗೊತ್ತಾಗುವುದೇ ಇಲ್ಲ.

ಗದಗಿನವರು ಮೂವರು ಗೆಳತಿಯರು. ಅವರದು ಲಕ್ಕುಂಡಿಯ ಹಾದಿ, ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯ ಕಟ್ಟೆಯ ಮೇಲೆ ಕೂತು ಶೇಂಗಾ ಉಂಡಿ ತಿಂದು ವಾಪಸ್. ಧೈರ್ಯ ಬಂದ ಮೇಲೆ ಡಂಬಳಕ್ಕೆ ಹೋದರು. ಕಪ್ಪತಗುಡ್ಡದ ಗಾಳಿ ಹೇಗಿರುತ್ತದೆ ಎಂದು ಅವರನ್ನೇ ಕೇಳಬೇಕು. ಗುಡ್ಡದ ತುಂಬ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ! ಮಳೆಗಾಲದಲ್ಲಿ ಪಡುವಣ ಗಾಳಿ ಎದುರಾದರೆ ಇಳಿಜಾರಿನಲ್ಲೂ ತುಳಿಯಬೇಕು. ಡಂಬಳದ ದೊಡ್ಡಬಸಪ್ಪ ಗುಡಿಯ ಗೋಡೆ ನಕ್ಷತ್ರದ ಮೂಲೆಗಳ ಹಾಗೆ ಮಡಚುತ್ತಾ ಹೋಗುತ್ತದೆ. ಅದನ್ನು ಸುತ್ತು ಹಾಕಿ ನೋಡಲು ಬಿಡುವು ಬೇಕು. ಚಳಿಗಾಲದಲ್ಲಿ ಮಾಗಡಿ ಕೆರೆ ಅವರ ಮೆಚ್ಚಿನದು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹೊಲದಲ್ಲಿ ಮೇಯ್ದು ಹಿಂಡುಹಿಂಡಾಗಿ ನೀರಿಗಿಳಿಯುತ್ತವೆ. 2024ರಲ್ಲಿ ಆ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಎಂಬ ರಾಮ್ಸಾರ್ ಪಟ್ಟವೂ ಸಿಕ್ಕಿದೆ. ಕಾರಿನಲ್ಲಿ ಹೋದಾಗ ಹಕ್ಕಿ ನೋಡಿದೆವು, ಸೈಕಲ್ ಮೇಲೆ ಹೋದಾಗ ಕೆರೆ ಕಾಣುವ ಮೊದಲೇ ಅವುಗಳ ಕೂಗು ಕೇಳಿತು ಎಂದು ಅವರಲ್ಲೊಬ್ಬರು ಬರೆದಿದ್ದಾರೆ. ನರ್ಸಮ್ಮನ ಬ್ಯಾಡಗಿ ಹಾದಿಯಲ್ಲಿ ಊರು ಬರುವ ಮೊದಲು ಮೆಣಸಿನಕಾಯಿ ಘಾಟು ಬರುತ್ತದೆ. ಕೆಮ್ಮುತ್ತಾ ನಗುತ್ತಾ ತುಳಿಯುತ್ತೇನೆ ಎನ್ನುತ್ತಾರೆ.

ಇದರಲ್ಲಿ ಯಾವುದು ಕೆಲಸ ಹೇಳಿ ಸರ್? ಯಾವುದೂ ಅಲ್ಲ. ತಾನು ಹುಟ್ಟಿದ ನೆಲವನ್ನು ತನ್ನ ಕಾಲಿನಿಂದ ತಿಳಿದುಕೊಳ್ಳುವುದು ಗಂಡಸರಿಗೆ ಚಿಕ್ಕಂದಿನಲ್ಲೇ ಸಿಗುತ್ತದೆ. ಯಾವ ಕೆರೆಯಲ್ಲಿ ಈಜಬಹುದು, ಯಾವ ದಾರಿ ಎಲ್ಲಿಗೆ ಕೂಡುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ನಮ್ಮ ಹೆಂಗಸರಿಗೆ ತವರಿನ ಓಣಿ ಗೊತ್ತು, ಗಂಡನ ಮನೆಯ ಓಣಿ ಗೊತ್ತು. ನಡುವಿನ ಎಪ್ಪತ್ತು ಕಿಲೋಮೀಟರ್ ಬಸ್ಸಿನ ಕಿಟಕಿ ಅಷ್ಟೇ.

ನೀವು ರಸ್ತೆಯ ಸಿಟ್ಟನ್ನು ಮಗಳ ಮೇಲೆ ತೀರಿಸುವ ಬದಲು ರಸ್ತೆ ಮಾಡಿದವರ ಮೇಲೆ ತೀರಿಸಿ. ನಾನೂ ಜೊತೆಗಿರುತ್ತೇನೆ. ಹುಬ್ಬಳ್ಳಿ-ಧಾರವಾಡದ ನಡುವೆ 22 ಕಿಲೋಮೀಟರ್ ಬಿಆರ್‌ಟಿಎಸ್ ಬಂತು. ಬಸ್ಸಿಗೆ ತನ್ನದೇ ದಾರಿ ಸಿಕ್ಕಿತು, ಒಳ್ಳೆಯದಾಯಿತು. ಸೈಕಲ್ಲಿನವರು ಉಳಿದ ಲೇನಿನಲ್ಲಿ ಲಾರಿ, ಕಾರು, ಆಟೋಗಳ ಜೊತೆ ಗುದ್ದಾಡಬೇಕು. ರಸ್ತೆ ಅಗಲ ಮಾಡುವಾಗ ನೆರಳಿನ ಮರಗಳೂ ಹೋದವು. ಉಣಕಲ್ ನಾಲಾದ ದಂಡೆಯಲ್ಲಿ ಸೈಕಲ್ ಪಥ ಮಾಡಿದ್ದಾರೆ, ಅದು ಚೆನ್ನಾಗಿದೆ. ಆದರೆ ಊರಿನ ಒಂದು ತುಂಡಿಗೆ ಸೈಕಲ್ ದಾರಿ ಇದ್ದರೆ ಸಾಲದು. ಅಲ್ಲಿಗೆ ಹೋಗುವ ತನಕ ಏನು ಮಾಡಬೇಕು?

ಇನ್ನೊಂದು ಮಾತನ್ನು ಬರೆದವರೆಲ್ಲ ಹೇಳಿದ್ದಾರೆ. ಅವರು ಸೈಕಲ್ ಹತ್ತುವ ಮೊದಲು ನೀರು ಕುಡಿಯುವುದಿಲ್ಲ. ದಾರಿಯಲ್ಲೂ ಗುಟುಕು ಗುಟುಕು. ಯಾಕೆಂದರೆ ಹಾದಿಯಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ, ಇದ್ದಲ್ಲಿ ಬೀಗ. ಬಿಸಿಲಿನಲ್ಲಿ ಮೂರು ತಾಸು ಪೆಡಲ್ ತುಳಿಯುವ ಹೆಂಗಸು ಬಾಯಾರಿಕೆ ತಡೆದುಕೊಂಡು ಹೋಗುತ್ತಾಳೆ. ಅಪಾಯ ಅಪಾಯ ಎನ್ನುವವರು ಈ ಅಪಾಯದ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ವಿಜಯಪುರ, ಬಾಗಲಕೋಟೆ, ಗದಗ ಸೀಮೆಯ ಹುಡುಗಿಯರು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದ ಪದಕ ತಂದಾಗ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುತ್ತೇವೆ. ಅವರು ಬೆಳಗಿನ ಜಾವ ಅಭ್ಯಾಸ ಮಾಡಿದ್ದೂ ಲಾರಿ ಓಡುವ ಇವೇ ರಸ್ತೆಗಳಲ್ಲಿ.

ಈಗ ನಿಮ್ಮ ಮಗಳ ಅಣ್ಣಿಗೇರಿಗೆ ಬರೋಣ. ಹುಬ್ಬಳ್ಳಿಯಿಂದ ಸುಮಾರು 35 ಕಿಲೋಮೀಟರ್. ನಾಲ್ಕು ಲೇನಿನ ಹೆದ್ದಾರಿ, ಅಂಚಿನ ಬಿಳಿ ಗೆರೆಯ ಹೊರಗೇ ಇರಬೇಕು. ಬೆಳಕು ಹರಿಯುವ ಹೊತ್ತಿಗೆ ಬಿಡಲಿ, ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಇರಲಿ. ಈಗ ಚಳಿಗಾಲ, ಮೂಡಣ ಗಾಳಿ. ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನಿಗಿರುತ್ತದೆ. ದಣಿದ ಮೇಲೆ ಬೆನ್ನಗಾಳಿ ಸಿಗುವುದು ಒಳ್ಳೆಯದೇ. ರಸ್ತೆ ಬಿಟ್ಟು ಎರಿ ಹೊಲದ ದಾರಿಗೆ ಇಳಿದರೆ ಜಾಲಿ ಮುಳ್ಳು ಚುಚ್ಚುವುದು ಖಂಡಿತ. ಒಂದು ಟ್ಯೂಬ್, ಸಣ್ಣ ಪಂಪು ಜೊತೆಗಿರಲಿ. ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ನೀವು ಕಲಿಸಿಕೊಡಿ. ನಿಮ್ಮ ವಯಸ್ಸಿನವರಿಗೆ ಅದು ಬಂದೇ ಬರುತ್ತದೆ. ಮೊದಲ ಸಲ ಇನ್ನೊಬ್ಬಳು ಗೆಳತಿ ಇದ್ದರೆ ಚೆಂದ. ಎರಡೂ ಕಡೆ ಕಡಲೆ, ಗೋಧಿ, ಕುಸುಬಿ ನಿಂತಿರುತ್ತವೆ. ಆದಿಕವಿ ಪಂಪನ ಊರು ಎಂದು ಹೆಸರಾದ ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿಯ ಕಂಬಗಳ ನಡುವೆ ಅರ್ಧ ತಾಸು ಕೂತು ಬರಲಿ.

ಬಂದ ಮೇಲೆ ನಮಗೆ ಬರೆಯಲು ಹೇಳಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ. ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯಕ್ಕೆ ಬೀಗ ಇತ್ತು, ಎಲ್ಲೆಲ್ಲಿ ಪಂಕ್ಚರ್ ಅಂಗಡಿ ಇತ್ತು ಎಂಬುದನ್ನೂ ಬರೆಯಲಿ. ಉಳಿದ ಹಾದಿಗಳಿಂದ ಬಂದ ಮಾಹಿತಿಯ ಜೊತೆ ಸೇರಿಸಿ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲಾ ಪಂಚಾಯಿತಿಗಳಿಗೆ ಕಳಿಸುತ್ತಿದ್ದೇವೆ. ಆ ಅರ್ಜಿಗೆ ನಿಮ್ಮ ಸಹಿಯೂ ಬೇಕು.